ಕಿತ್ತಳೆ ಕಮ್ಮಿ ಆಗಿದ್ದು ಮಳೆಗೋ ಮರದ ವಯಸ್ಸಿಗೋ: ಮಳೆಮಾಪಕ, ಮರಕ್ಕೆ ನಂಬರ್, ನೀರಿನ ಮಟ್ಟದ ಪೈಪು ಮಾಡಿದ ವಿವರ

ನಮ್ಮ ತೋಟ ಕೊಡಗಲ್ಲಿ, ಸಿದ್ದಾಪುರ ಅಮ್ಮತ್ತಿ ಕಡೆ. ಮುಖ್ಯ ಬೆಳೆ ರೋಬಸ್ಟಾ ಕಾಫಿ, ಮಧ್ಯದಲ್ಲಿ ಮೆಣಸು, ಜೊತೆಗೆ ಅಜ್ಜನ ಕಾಲದಿಂದ ಬಂದಿರೋ ಕಿತ್ತಳೆ. ಕಿತ್ತಳೆ ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಿದೆ ಅನ್ನೋದ್ರಲ್ಲಿ ಮನೇಲಿ ಯಾರಿಗೂ ತಕರಾರಿಲ್ಲ, ಆದ್ರೆ ಯಾಕೆ ಅಂತ ಕೇಳಿದ್ರೆ ದೊಡ್ಡಪ್ಪ ಮಳೆ ಕೆಟ್ಟೋಯ್ತು ಅಂತಾರೆ, ಅಪ್ಪ ಮರಕ್ಕೆ ವಯಸ್ಸಾಯ್ತು ಅಂತಾರೆ. ಬರೀ ಮಾತಿನ ವಿಷಯ ಆಗಿದ್ರೆ ಬಿಟ್ಟುಬಿಡಬಹುದಿತ್ತು. ಮಳೆ ಕಾರಣ ಆದ್ರೆ ಬಸಿಗಾಲುವೆ ತೆಗೆಸಬೇಕು, ಬೇಸಿಗೇಲಿ ನೀರು ಕೊಡಬೇಕು, ವಯಸ್ಸು ಕಾರಣ ಆದ್ರೆ ಹಳೇ ಮರ ತೆಗೆದು ಕಸಿ ಗಿಡ ಹಾಕಿ ಫಸಲಿಗೆ ನಾಲ್ಕೈದು ವರ್ಷ ಕಾಯಬೇಕು, ಎರಡನ್ನೂ ಒಂದೇ ಸಲ ಮಾಡೋ ಅಷ್ಟು ದುಡ್ಡೂ ಇಲ್ಲ ಆಳೂ ಇಲ್ಲ. ಅದಕ್ಕೇ ಮೊದಲು ಅಳತೆ ಮಾಡೋಣ ಅಂತ ಕೂತಿದ್ದು. ಏನೇನು ಕಟ್ಟಿದ್ವಿ, ಏನು ರಿಪೇರಿ ಮಾಡಿದ್ವಿ, ಅದರಿಂದ ಏನು ಗೊತ್ತಾಯ್ತು ಅಂತ ಇಲ್ಲಿ ಬರೀತಿದ್ದೀನಿ, ಕಾಫಿ ಮಧ್ಯ ಕಿತ್ತಳೆ ಇಟ್ಕೊಂಡಿರೋರಿಗೆ ಉಪಯೋಗ ಆಗುತ್ತೆ.

ಮೊದಲು ಮಳೆಮಾಪಕ

ಜಿಲ್ಲೆಯ ಸರಾಸರಿ ಮಳೆ ತಗೊಂಡು ತೋಟದ ಲೆಕ್ಕ ಮಾಡೋಕೆ ಕೊಡಗಲ್ಲಿ ಆಗೋದೇ ಇಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟೋದುಂಟು, ಕುಶಾಲನಗರದ ಕಡೆ 40, 45 ಇಂಚು ಬಿದ್ರೆ ಹೆಚ್ಚು, ಎರಡೂ ಒಂದೇ ಜಿಲ್ಲೆ. ಪಕ್ಕದ ತೋಟಕ್ಕೂ ನಮಗೂ ಬೇಸಿಗೆ ಮಳೇಲಿ ಅರ್ಧ ಇಂಚು ವ್ಯತ್ಯಾಸ ಬರೋದು ಮಾಮೂಲು. ಅಂದ್ರೆ ಮಾಪಕ ನಮ್ಮ ಜಾಗದಲ್ಲೇ ಇರಬೇಕು.

ನಮ್ಮಲ್ಲಿ ಒಂದು ಹಳೇ ತಾಮ್ರದ ಮಾಪಕ ಇತ್ತು, 5 ಇಂಚು ಬಾಯಿದು, ಅಜ್ಜ ತಂದಿದ್ದು. ಕೊಡಗಿನ ಹಳೇ ತೋಟಗಳಲ್ಲಿ ಇಂಥದ್ದು ಇನ್ನೂ ಇದೆ, ಇಂಚು ಸೆಂಟು ಲೆಕ್ಕದಲ್ಲಿ ಬರೀತಾರೆ, ಒಂದು ಇಂಚಿಗೆ 100 ಸೆಂಟು. ದೊಡ್ಡಪ್ಪನ ಮಳೆ ಪುಸ್ತಕಗಳೂ ಹಾಗೇ ಇವೆ, ತಾರೀಕು, ಇಂಚು, ಸೆಂಟು, ಪಕ್ಕದಲ್ಲಿ ಯಾವ ನಕ್ಷತ್ರದ ಮಳೆ ಅಂತ. ಈ ಮಾಪಕದ ಬಾಯಿ ಎಲ್ಲೋ ಬಿದ್ದು ಸೊಟ್ಟ ಆಗಿತ್ತು. ಸೊಟ್ಟ ಆದ್ರೆ ಎಷ್ಟು ತಪ್ಪು ತೋರ್ಸುತ್ತೆ ಅಂತ ಲೆಕ್ಕ ಹಾಕಿ ನೋಡಿದೆ. ಒಂದು ಕಡೆ 13.5 ಸೆಂ.ಮೀ., ಇನ್ನೊಂದು ಕಡೆ 11.8 ಸೆಂ.ಮೀ. ಇತ್ತು, ಅದರ ವಿಸ್ತೀರ್ಣ ಸುಮಾರು 125 ಚದರ ಸೆಂ.ಮೀ., ಪೂರ್ತಿ ದುಂಡಗಿದ್ದಿದ್ರೆ 126.7. ಅಂದ್ರೆ ಶೇಕಡಾ ಒಂದರ ಆಸುಪಾಸು ವ್ಯತ್ಯಾಸ ಅಷ್ಟೇ, ಕಣ್ಣಿಗೆ ಕಾಣೋ ಸೊಟ್ಟಕ್ಕೂ ಲೆಕ್ಕದ ಸೊಟ್ಟಕ್ಕೂ ಸಂಬಂಧನೇ ಇಲ್ಲ. ಆದ್ರೂ ಮರದ ದಿಂಡು ಒಳಗಿಟ್ಟು ನಿಧಾನಕ್ಕೆ ತಟ್ಟಿ ದುಂಡಗೆ ಮಾಡಿದ್ವಿ, ತಳದ ಬೆಸುಗೆ ಬಿಟ್ಟಿದ್ದಕ್ಕೆ ಪಾತ್ರೆ ರಿಪೇರಿಯವರ ಹತ್ರ ಸೀಸ ಹಾಕಿಸಿದ್ವಿ.

ಅದಕ್ಕಿಂತ ದೊಡ್ಡ ವಿಷಯ ಅದು ನಿಂತಿದ್ದ ಜಾಗ. ಮಾಪಕದ ಪಕ್ಕದಲ್ಲಿ ಒಂದು ಹಲಸಿನ ಮರ. ಅಜ್ಜ ಮಾಪಕ ಇಟ್ಟಾಗ ಅದು ಸಣ್ಣ ಗಿಡ, ಈಗ ಅದರ ಕೊಂಬೆ ಹೆಚ್ಚುಕಮ್ಮಿ ಮಾಪಕದ ಮೇಲೇ ಬಂದಿದೆ. ಮರ ಬೆಳೀತಾ ಬೆಳೀತಾ ಮಾಪಕಕ್ಕೆ ಬೀಳೋ ಮಳೆ ಕಮ್ಮಿ ಆಗುತ್ತೆ, ಪುಸ್ತಕ ನೋಡಿದೋರಿಗೆ ಊರಲ್ಲೇ ಮಳೆ ಕಮ್ಮಿ ಆಗಿದೆ ಅಂತ ಕಾಣ್ಸುತ್ತೆ. ಇದನ್ನ ಪರೀಕ್ಷೆ ಮಾಡೋಕೆ ಒಂದು ಸುಲಭದ ದಾರಿ ಇದೆ, ಡಬಲ್ ಮಾಸ್ ಕರ್ವ್ ಅಂತಾರೆ. ನಮ್ಮ ಮಳೆಯನ್ನ ಮೊದಲ ವರ್ಷದಿಂದ ಕೂಡಿಸ್ತಾ ಹೋಗೋದು, ಹತ್ತಿರದ ಇನ್ನೊಂದೆರಡು ತೋಟದ ಮಳೇನೂ ಹಾಗೇ ಕೂಡಿಸ್ತಾ ಹೋಗೋದು, ಒಂದನ್ನ ಅಡ್ಡಕ್ಕೆ ಇನ್ನೊಂದನ್ನ ಉದ್ದಕ್ಕೆ ಹಾಕಿ ಗೆರೆ ಎಳೆಯೋದು. ಎರಡೂ ಕಡೆ ಮಳೆ ಒಂದೇ ರೀತಿ ಏರಿಳಿತ ಆಗ್ತಿದ್ರೆ ಗೆರೆ ನೆಟ್ಟಗಿರುತ್ತೆ, ನಮ್ಮ ಮಾಪಕದ್ದೇ ತೊಂದರೆ ಆಗಿದ್ರೆ ಗೆರೆ ಒಂದು ಕಡೆಗೆ ಬಾಗುತ್ತೆ. ನಮ್ಮದು ಬಾಗಿತ್ತು. ಅಂದ್ರೆ ಮಳೆ ಕಮ್ಮಿ ಆಯ್ತು ಅಂತ ಮನೇಲಿ ಹೇಳ್ತಿದ್ದ ಮಾತಲ್ಲಿ ಒಂದು ಪಾಲು ಹಲಸಿನ ಮರದ್ದು. ಹಳೇ ಪುಸ್ತಕ ಬಿಸಾಕೋದು ಬೇಡ, ಗೆರೆ ಬಾಗೋಕೆ ಮುಂಚಿನ ವರ್ಷಗಳನ್ನ ಹಾಗೇ ಇಟ್ಕೊಂಡು ನಂತರದ್ದನ್ನ ಆ ಬಾಗಿನ ಪ್ರಮಾಣದಲ್ಲಿ ಸರಿ ಮಾಡ್ಕೋಬಹುದು.

ಹೊಸ ಮಾಪಕಕ್ಕೆ 6 ಇಂಚಿನ ಪಿವಿಸಿ ಪೈಪು ತಗೊಂಡೆ, ಹೊರಗಿನ ಅಳತೆ 160 ಮಿ.ಮೀ., ಉದ್ದ 60 ಸೆಂ.ಮೀ. ತಳಕ್ಕೆ ಎಂಡ್ ಕ್ಯಾಪ್ ಹಾಕಿ ಸೊಲ್ಯೂಷನ್‌ನಲ್ಲಿ ಅಂಟ್ಸಿದ್ದು. ಒಳಗಿನ ಅಳತೆ ಕಂಪನಿ ಬರೆದಿರೋದನ್ನ ನಂಬೋದಲ್ಲ, ನಾಲ್ಕು ದಿಕ್ಕಲ್ಲಿ ಅಳೆದು ಸರಾಸರಿ ತಗೋಬೇಕು, ನಮ್ಮದು 15.2 ಸೆಂ.ಮೀ. ಬಂತು. ಅದರ ವಿಸ್ತೀರ್ಣ 181 ಚದರ ಸೆಂ.ಮೀ. ಚಿಲ್ಲರೆ, ಹಾಗಾಗಿ 1 ಮಿ.ಮೀ. ಮಳೆಗೆ 18.1 ಮಿ.ಲೀ. ನೀರು, 1 ಇಂಚಿಗೆ 461 ಮಿ.ಲೀ. ನಿಮ್ಮ ಪೈಪಿನ ಅಳತೆ ಬೇರೆ ಇದ್ರೂ ಲೆಕ್ಕ ಇದೇ, ಬಾಯಿಯ ವಿಸ್ತೀರ್ಣವನ್ನ ಚದರ ಸೆಂ.ಮೀ.ನಲ್ಲಿ ತಗೊಂಡು 10ರಿಂದ ಭಾಗಿಸಿದ್ರೆ 1 ಮಿ.ಮೀ. ಮಳೆಗೆ ಎಷ್ಟು ಮಿ.ಲೀ. ಅಂತ ಬರುತ್ತೆ.

ಪೈಪಿನ ಬಾಯಿಯನ್ನ ಅರದಿಂದ ಹೊರಗಡೆಗೆ ಇಳಿಜಾರು ಬರೋ ಹಾಗೆ ಉಜ್ಜಿ ಅಂಚು ಚೂಪು ಮಾಡ್ಬೇಕು, ದಪ್ಪ ಅಂಚಿದ್ರೆ ಅದರ ಮೇಲೆ ಬಿದ್ದ ಹನಿ ಒಳಗೋ ಹೊರಗೋ ಅಂತ ಗೊತ್ತಾಗಲ್ಲ. ಬಾಯಿಂದ 12 ಸೆಂ.ಮೀ. ಕೆಳಗೆ ಪ್ಲಾಸ್ಟಿಕ್ ಫನಲ್ ಕೂರ್ಸಿದೆ. ಇಷ್ಟು ಆಳ ಯಾಕೆ ಅಂದ್ರೆ ಜೋರು ಮಳೇಲಿ ಹನಿ ಫನಲ್‌ಗೆ ಬಡಿದು ಹೊರಗೆ ಚಿಮ್ಮುತ್ತೆ, ಆಳದಲ್ಲಿದ್ರೆ ಪೈಪಿನ ಗೋಡೆಗೆ ತಾಗಿ ವಾಪಸ್ ಒಳಗೇ ಬರುತ್ತೆ. ಫನಲ್ ಕೆಳಗೆ 2 ಲೀಟರ್ ಬಾಟ್ಲಿ, ಅದು ತುಂಬಿದ್ರೆ ಉಳಿದ ನೀರು ಪೈಪಿನಲ್ಲೇ ನಿಲ್ಲುತ್ತೆ. ಒಟ್ಟು ಹಿಡಿಯೋದು ಸುಮಾರು 8 ಲೀಟರ್, ಅಂದ್ರೆ 17 ಇಂಚಿನ ಮಳೆ. ಇದು ಜಾಸ್ತಿ ಆಯ್ತು ಅನ್ನೋರು 2018ರ ಆಗಸ್ಟ್ ನೆನಪು ಮಾಡ್ಕೊಳ್ಳಿ, ಗುಡ್ಡ ಕುಸಿದ ಆ ವಾರ ಎಷ್ಟು ಕಡೆ ಮಾಪಕ ತುಂಬಿ ಚೆಲ್ಲಿ ಅಳತೆನೇ ತಪ್ಪಿಹೋಯ್ತು. ಬೇಕಾಗೋ ದಿನ ಕೈಕೊಡೋ ಮಾಪಕ ಇದ್ದೂ ಪ್ರಯೋಜನ ಇಲ್ಲ. ಫನಲ್ ಕುತ್ತಿಗೆಗೆ ಸೊಳ್ಳೆ ಪರದೆ ತುಂಡು ಕಟ್ಟಿದ್ದೀನಿ, ಸಿಲ್ವರ್ ಓಕ್ ಎಲೆ ಬಿದ್ದು ಕಟ್ಟಿಕೊಳ್ಳೋದು ತಪ್ಪುತ್ತೆ.

ಎಲ್ಲಿ ಇಡೋದು ಅನ್ನೋದೇ ನೆರಳಿನ ತೋಟದಲ್ಲಿ ಕಷ್ಟ. ಪಕ್ಕದಲ್ಲಿರೋ ಮರ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರ ಬೇಕು, ಹವಾಮಾನ ಇಲಾಖೆಯವರು ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು ಅಂತಾರೆ. ತೋಟದೊಳಗೆ ಅಂಥ ಬಯಲು ಎಲ್ಲೂ ಇಲ್ಲ, ಇರೋದು ಕಾಫಿ ಒಣಗಿಸೋ ಕಣ ಮಾತ್ರ. ಕಣದ ಸಿಮೆಂಟ್ ಮೇಲೆ ಇಟ್ರೆ ನೆಲಕ್ಕೆ ಬಿದ್ದ ನೀರು ಚಿಮ್ಮಿ ಒಳಗೆ ಬರುತ್ತೆ, ಅದಕ್ಕೆ ಕಣದಾಚೆ ಹುಲ್ಲಿರೋ ಜಾಗದಲ್ಲಿ ಅರ್ಧ ಭಾಗ ಹೂತು ಸ್ಪಿರಿಟ್ ಲೆವೆಲ್ ಇಟ್ಟು ನೆಟ್ಟಗೆ ನಿಲ್ಸಿದ್ವಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ. ಅಳೆಯೋ ಜಾಡಿಗೆ 461 ಮಿ.ಲೀ. ಹಾಕಿ ಒಂದು ಇಂಚು ಅಂತ ಗೆರೆ, ಅದನ್ನ ಹತ್ತು ಭಾಗ ಮಾಡಿ ಹತ್ತತ್ತು ಸೆಂಟಿನ ಗೆರೆ. ದೊಡ್ಡಪ್ಪ ಮಿ.ಮೀ. ಒಪ್ಪಲ್ಲ, ಅವರ ಪುಸ್ತಕದ ಜೊತೆ ಹೊಂದಬೇಕಾದ್ರೆ ಇಂಚು ಸೆಂಟೇ ಸರಿ.

ಇನ್ನೊಂದು ಮುಖ್ಯ ವಿಷಯ, ಸ್ಪ್ರಿಂಕ್ಲರ್. ರೋಬಸ್ಟಾಗೆ ಹೂ ಬರಿಸೋಕೆ ಫೆಬ್ರವರಿ ಮಾರ್ಚಲ್ಲಿ ಒಂದು ಒಂದೂವರೆ ಇಂಚು ನೀರು ಹೊಡೀತೀವಿ, ಆಮೇಲೆ ಕಾಯಿ ಕಚ್ಚೋಕೆ ಬ್ಯಾಕಿಂಗ್ ಅಂತ ಇನ್ನೊಂದು ಸಲ. ಆ ನೀರು ಮಧ್ಯದಲ್ಲಿರೋ ಕಿತ್ತಳೆಗೂ ಬೀಳುತ್ತೆ, ಕಣದ ಮಾಪಕಕ್ಕೆ ಮಾತ್ರ ಬೀಳಲ್ಲ. ಕಿತ್ತಳೆಗೆ ಗೊತ್ತಾಗೋದು ಬೇರಿಗೆ ನೀರು ಸಿಕ್ತು ಅಂತ ಅಷ್ಟೇ, ಮೋಡದ್ದೋ ಮೋಟರಿಂದೋ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಸ್ಪ್ರಿಂಕ್ಲರ್ ಹೊಡೆಯೋ ದಿನ ಆ ಬ್ಲಾಕಲ್ಲಿ ಮೂರ್ನಾಲ್ಕು ಕಡೆ ಡಬ್ಬ ಇಟ್ಟು ಅಳೆದು, ಮಳೆ ಪುಸ್ತಕದಲ್ಲೇ ಬೇರೆ ಕಾಲಂನಲ್ಲಿ ಬರೀತೀವಿ. ಇದನ್ನ ಬಿಟ್ರೆ ಸ್ಪ್ರಿಂಕ್ಲರ್ ಇರೋ ಬ್ಲಾಕು ಮಳೆ ಇಲ್ದೇನೂ ಚೆನ್ನಾಗಿ ಹೂ ಬಿಟ್ಟಿದ್ದು ಯಾಕೆ ಅಂತ ಅರ್ಥನೇ ಆಗಲ್ಲ.

ಮರಕ್ಕೆ ನಂಬರ್

ಕಾಫಿ ಮಧ್ಯದ ಕಿತ್ತಳೆ ಸಾಲಾಗಿರಲ್ಲ. ಎಲ್ಲಿ ಮರ ಸತ್ತಿತ್ತೋ ಅಲ್ಲಿ ಸಪ್ಲೈ ಗಿಡ ಹಾಕಿರ್ತಾರೆ, ಹಾಗಾಗಿ ಒಂದೇ ಬ್ಲಾಕಲ್ಲಿ 40 ವರ್ಷದ್ದೂ ಇರುತ್ತೆ 4 ವರ್ಷದ್ದೂ ಇರುತ್ತೆ. ಇಂಥ ಕಡೆ ಬ್ಲಾಕಿನ ಒಟ್ಟು ಹಣ್ಣನ್ನ ಮರದ ಲೆಕ್ಕದಿಂದ ಭಾಗಿಸಿ ಮರಕ್ಕೆ ಇಷ್ಟು ಅಂದ್ರೆ ಅದು ಯಾವ ಮರದ ಲೆಕ್ಕವೂ ಅಲ್ಲ. ಹತ್ತು ಹಳೇ ಮರ ಹೋಗಿ ಹತ್ತು ಸಸಿ ಬಂದ ವರ್ಷ ಸರಾಸರಿ ಧಡ್ ಅಂತ ಬೀಳುತ್ತೆ, ಉಳಿದ ಮರಗಳು ಹೋದ ವರ್ಷದಷ್ಟೇ ಬಿಟ್ಟಿದ್ರೂ ಕೂಡ.

ಅದಕ್ಕೆ ಪ್ರತಿ ಮರಕ್ಕೂ ಅಲ್ಯೂಮಿನಿಯಂ ತಗಡಿನ ನಂಬರ್. ಮೊಳೆ ಹೊಡೀಬೇಡಿ, ಗಾಯಕ್ಕೆ ರೋಗ ಹತ್ತುತ್ತೆ. ತಂತೀಲಿ ಸಡಿಲವಾಗಿ ಕೊಂಬೆಗೆ ಕಟ್ಟಿ, ಬಿಗಿ ಕಟ್ಟಿದ್ರೆ ಎರಡು ವರ್ಷಕ್ಕೆ ತೊಗಟೆಯೊಳಗೆ ಹೂತುಹೋಗುತ್ತೆ. ವಯಸ್ಸು ಎಲ್ಲಿಂದ ತರೋದು? ಆಳುಗಳ ಹಾಜರಿ, ಕೂಲಿ ಬರೆಯೋ ಹಳೇ ಚೆಕ್‌ರೋಲ್‌ನಲ್ಲಿ ಗಿಡ ಹಾಕಿದ ವರ್ಷದ ಕೂಲಿ ಬರೆದಿರ್ತಾರೆ, ನರ್ಸರಿ ಬಿಲ್ ಇದ್ರೆ ಇನ್ನೂ ಒಳ್ಳೇದು. ಅದೂ ಇಲ್ಲ ಅಂದ್ರೆ ತೋಟದಲ್ಲಿ ಬಹಳ ವರ್ಷದಿಂದ ಇರೋರನ್ನ ಕೇಳ್ಬೇಕು. ನಮ್ಮಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಸೇರಿದ ಒಬ್ಬ ಅಜ್ಜಿ ಇದಾರೆ, ಅವರು ಮರ ಮುಟ್ಟಿ "ಇದು ನನ್ನ ದೊಡ್ಡ ಮಗಳು ಹುಟ್ಟಿದ ವರ್ಷ ಹಾಕಿದ್ದು ಕಣಪ್ಪಾ, ಆಚೆದು ಅವಳ ಮದ್ವೆ ಆದ್ಮೇಲೆ" ಅಂತ ಹೇಳ್ತಾ ಹೋದ್ರು, ಚೆಕ್‌ರೋಲ್ ಜೊತೆ ತಾಳೆ ನೋಡಿದ್ರೆ ಒಂದೆರಡು ವರ್ಷದೊಳಗೇ ಇತ್ತು.

ಕಾಂಡದ ಸುತ್ತಳತೆ ನೋಡಿ ವಯಸ್ಸು ಹೇಳಬಹುದಾ ಅಂತ ಕೇಳೋರಿದ್ದಾರೆ. ಎಳೇ ಗಿಡಕ್ಕೆ ಸ್ವಲ್ಪ ಮಟ್ಟಿಗೆ ಆಗುತ್ತೆ. ಆರ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆರೆಂಜ್ ಅಂತಲೇ ಒಂದು ಡೇಟಾ ಬರುತ್ತೆ, 5 ಕಿತ್ತಳೆ ಮರ, 118ನೇ ದಿನದಿಂದ 1582ನೇ ದಿನದವರೆಗೆ ಸುತ್ತಳತೆ. ಅದರಲ್ಲಿ ಮೊದಲನೇ ಮರ 30 ಮಿ.ಮೀ.ಯಿಂದ ಶುರುವಾಗಿ 145ಕ್ಕೆ ಬಂದು ನಿಲ್ಲುತ್ತೆ, ಕೊನೇ 210 ದಿನದಲ್ಲಿ ಬೆಳೆದಿದ್ದು ಬರೀ 3 ಮಿ.ಮೀ. ಐದು ವರ್ಷ ತುಂಬೋದ್ರೊಳಗೇ ಬೆಳವಣಿಗೆ ಇಷ್ಟು ನಿಧಾನ ಆದ್ರೆ 20ಕ್ಕೂ 30ಕ್ಕೂ ವ್ಯತ್ಯಾಸ ಟೇಪಲ್ಲಿ ಹೇಗೆ ಸಿಗುತ್ತೆ. ನಾವು ಸುತ್ತಳತೆ ತಗೋತೀವಿ, ಕಸಿ ಗಂಟಿನಿಂದ 15 ಸೆಂ.ಮೀ. ಮೇಲೆ, ಪ್ರತಿ ವರ್ಷ ಅದೇ ಜಾಗದಲ್ಲಿ ಪೇಂಟ್ ಗುರುತು ಹಾಕಿ. ವಯಸ್ಸಿಗೋಸ್ಕರ ಅಲ್ಲ, ಮರ ಇನ್ನೂ ಬೆಳೀತಿದ್ಯಾ ನಿಂತಿದ್ಯಾ ಅಂತ ತಿಳ್ಕೊಳ್ಳೋಕೆ.

ಹಣ್ಣಿನ ತೂಕ ಅನ್ನೋದು ನಮ್ಮಲ್ಲಿ ಬಹಳ ತೋಟಗಳಲ್ಲಿ ಇಲ್ವೇ ಇಲ್ಲ. ಮರದ ಮೇಲಿರೋವಾಗಲೇ ವ್ಯಾಪಾರಿ ಬಂದು ನೋಡಿ ಇಷ್ಟು ಅಂತ ಒಟ್ಟಿಗೆ ಮಾತಾಡಿ ಹೋಗ್ತಾರೆ, ಕೊಯ್ಯೋದೂ ಅವರ ಜನವೇ. ದುಡ್ಡು ಗೊತ್ತು, ಹಣ್ಣು ಗೊತ್ತಿಲ್ಲ. ರೇಟು ಏರಿದ ವರ್ಷ ಬೆಳೆನೂ ಜಾಸ್ತಿ ಆಗಿತ್ತು ಅಂತ ಮನಸ್ಸಿಗೆ ಅನ್ಸುತ್ತೆ. ನಾವು ವ್ಯಾಪಾರಿ ಹತ್ರ ಮೊದಲೇ ಮಾತಾಡಿ, ಆರಿಸಿಟ್ಟ ಒಂದಷ್ಟು ಮರಗಳನ್ನ ನಮ್ಮ ಆಳೇ ಕೊಯ್ದು ತೂಕ ಮಾಡಿ ಕೊಡ್ತೀವಿ ಅಂತ ಒಪ್ಪಿಸಿದ್ವಿ. ಪ್ರತಿ ವಯಸ್ಸಿನ ಗುಂಪಿಂದಲೂ ಮರ ಇರೋ ಹಾಗೆ, ಮೇಲಿನ ಬರೆಯದ್ದೂ (ಇಳಿಜಾರು ಜಾಗ) ಕೆಳಗೆ ಗದ್ದೆ ಬದಿಯದ್ದೂ ಇರೋ ಹಾಗೆ ಆರಿಸಿದ್ದು. ಕೊಂಬೆಗೆ ತೂಗುಹಾಕೋ ತಕ್ಕಡಿ, ಒಂದು ಕ್ರೇಟು, ತೂಕದ ಜೊತೆ ಹಣ್ಣಿನ ಲೆಕ್ಕವೂ. ತೂಕ ಎಣಿಕೆ ಎರಡೂ ಯಾಕೆ ಅಂದ್ರೆ ಬೇಸಿಗೇಲಿ ಕಾಯಿ ಉದುರಿದ ವರ್ಷ ಉಳಿದ ಹಣ್ಣು ದಪ್ಪ ಆಗುತ್ತೆ, ತೂಕ ಒಂದೇ ನೋಡಿದ್ರೆ ಉದುರಿದ್ದು ಗೊತ್ತಾಗಲ್ಲ. ಕೋತಿ ತಿಂದಿದ್ದನ್ನ ಮರದ ಕೆಳಗಿನ ಸಿಪ್ಪೆ ನೋಡಿ ಅಂದಾಜು ಬರೀತೀವಿ, ಕಾಡಿನ ಬದಿಯ ಮರಗಳಿಗೆ ಈ ಕಾಲಂ ಬಿಟ್ರೆ ಅವು ಸುಮ್ನೆ ಕಳಪೆ ಮರ ಅನ್ನಿಸಿಕೊಳ್ತವೆ.

ಶೀಟಲ್ಲಿ ಹಾಕಿದಾಗ

ವರ್ಷದ ಒಟ್ಟು ಮಳೆ ಒಂದು ಕಾಲಂ, ಇಳುವರಿ ಒಂದು ಕಾಲಂ ಹಾಕಿ ಗೆರೆ ಎಳೆದ್ರೆ ಏನೂ ಸಿಗಲ್ಲ, ಯಾಕಂದ್ರೆ ಕಿತ್ತಳೆಗೆ ವರ್ಷದ ಒಟ್ಟು ಅನ್ನೋದೇ ಇಲ್ಲ. ಡಿಸೆಂಬರ್ ಜನವರೀಲಿ ಅದಕ್ಕೆ ಒಣಹವೆ, ಚಳಿ ಬೇಕು, ಮೊಗ್ಗು ಒಳಗೆ ತಯಾರಾಗೋದು ಆವಾಗ. ಆ ಟೈಮಲ್ಲಿ ಅಕಾಲ ಮಳೆ ಬಂದ್ರೆ ಹೂವಿನ ಬದಲು ಚಿಗುರು ಬರುತ್ತೆ, ಬಂದ ಹೂವೂ ಒಂದೇ ಸಲ ಬರದೆ ಕಂತು ಕಂತಲ್ಲಿ ಬರುತ್ತೆ. ಅದಾದ್ಮೇಲೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬೀಳೋ ಮಳೆ ಹೂ ತರಿಸುತ್ತೆ. ಕಾಯಿ ಗೋಲಿ ಗಾತ್ರ ಇರೋವಾಗ, ಅಂದ್ರೆ ಏಪ್ರಿಲ್ ಕೊನೆ ಮೇನಲ್ಲಿ, ಬಿಸಿಲು ಜಾಸ್ತಿ ಆಗಿ ಮಣ್ಣು ಒಣಗಿದ್ರೆ ಕಾಯಿ ಉದುರುತ್ತೆ. ಜೂನ್ ಜುಲೈ ಆಗಸ್ಟಲ್ಲಿ ಮಳೆ ಎಷ್ಟು ಬಿತ್ತು ಅನ್ನೋದಕ್ಕಿಂತ ಬಿದ್ದ ನೀರು ಎಷ್ಟು ಹೊತ್ತು ಬೇರಿನ ಹತ್ರ ನಿಲ್ತು ಅನ್ನೋದು ಮುಖ್ಯ. ಅಕ್ಟೋಬರ್ ನವೆಂಬರ್ ಮಳೆ ಹಣ್ಣು ಬಣ್ಣ ತಿರುಗೋ ಹೊತ್ತಿಗೆ ಬಂದ್ರೆ ಸಿಪ್ಪೆ ಒಡೆಯೋದು, ಹಣ್ಣುನೊಣ, ಉದುರೋದು.

ಇಲ್ಲಿ ದೊಡ್ಡಪ್ಪನ ನಕ್ಷತ್ರದ ಕಾಲಂ ಬಹಳ ಉಪಯೋಗಕ್ಕೆ ಬಂತು. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ, ಅಶ್ವಿನಿ ಏಪ್ರಿಲ್ ಮಧ್ಯಕ್ಕೆ ಶುರು, ಭರಣಿ ಏಪ್ರಿಲ್ ಕೊನೇಲಿ, ಆಶ್ಲೇಷ ಆಗಸ್ಟ್ ಮೊದಲಲ್ಲಿ. ತಿಂಗಳ ಲೆಕ್ಕಕ್ಕಿಂತ ಇದು ಸಣ್ಣ ಸಣ್ಣ ಭಾಗ, ಹೂ ಕಾಯಿ ಹಂತಕ್ಕೆ ಸರಿಯಾಗಿ ಹೊಂದುತ್ತೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅನ್ನೋ ಮಾತು ಬೇರೆ ಬೆಳೆಗೆ ಹುಟ್ಟಿದ್ದಿರಬಹುದು, ಆದ್ರೆ ಕಿತ್ತಳೆ ಕಾಯಿ ಉದುರೋ ಹೊತ್ತೂ ಸರಿಯಾಗಿ ಅದೇ. ನಾನು ಶೀಟಲ್ಲಿ ನಕ್ಷತ್ರಗಳನ್ನೇ ಕಾಲಂ ಮಾಡಿ, ಆಮೇಲೆ ಐದು ಗುಂಪಿಗೆ ಸೇರ್ಸಿದ್ದೀನಿ.

ವಯಸ್ಸಿಗೆ ಒಂದೇ ಕಾಲಂ ಸಾಲದು, ವಯಸ್ಸಿನ ವರ್ಗದ್ದು (ವಯಸ್ಸನ್ನ ವಯಸ್ಸಿಂದಲೇ ಗುಣಿಸಿದ್ದು) ಇನ್ನೊಂದು ಕಾಲಂ ಬೇಕು, ಇಲ್ಲಾಂದ್ರೆ ಗೆರೆ ನೆಟ್ಟಗೆ ಮೇಲೆ ಹೋಗ್ತಾ 50 ವರ್ಷದ ಮರ ಎಲ್ಲಕ್ಕಿಂತ ಜಾಸ್ತಿ ಬಿಡುತ್ತೆ ಅನ್ನುತ್ತೆ. ಕಸಿ ಗಿಡ ಮೂರು ನಾಲ್ಕನೇ ವರ್ಷಕ್ಕೆ ಕಾಯಿ ತೋರ್ಸುತ್ತೆ, ಎಂಟು ಹತ್ತರ ಹೊತ್ತಿಗೆ ಒಳ್ಳೇ ಫಸಲು, 20, 25 ದಾಟಿದ್ಮೇಲೆ ಸಾಮಾನ್ಯವಾಗಿ ಇಳಿಕೆ. ಬೀಜದ ಗಿಡ ತಡವಾಗಿ ಶುರು ಮಾಡುತ್ತೆ. ಜೊತೆಗೆ ಹೋದ ವರ್ಷದ ಇಳುವರಿದೂ ಒಂದು ಕಾಲಂ, ಕಿತ್ತಳೆ ಒಂದು ವರ್ಷ ಮೈತುಂಬ ಬಿಟ್ರೆ ಮರು ವರ್ಷ ಸುಸ್ತಾಗುತ್ತೆ, ಆ ಸುಸ್ತನ್ನ ಮಳೆ ತಲೆಗೆ ಕಟ್ಟಬಾರದು.

ಈ ಲೆಕ್ಕದಲ್ಲಿ ಒಂದು ವಿಷಯ ಎಲ್ಲರೂ ಗಮನ ಇಡಬೇಕು. ಉದಾಹರಣೆಗೆ 300 ಮರ 4 ವರ್ಷ ತೂಕ ಮಾಡಿದ್ರೆ ಶೀಟಲ್ಲಿ 1200 ಸಾಲು ಬರುತ್ತೆ, ನೋಡೋಕೆ ದೊಡ್ಡ ಡೇಟಾ. ವಯಸ್ಸಿನ ಬಗ್ಗೆ ಅದು ನಿಜವಾಗ್ಲೂ ದೊಡ್ಡದೇ, ಯಾಕಂದ್ರೆ 300 ಬೇರೆ ಬೇರೆ ಮರ ಇದೆ. ಮಳೆ ಬಗ್ಗೆ ಮಾತ್ರ ನಮ್ಮ ಹತ್ರ ಇರೋದು 4 ಸಂಗತಿ ಅಷ್ಟೇ, ಒಂದು ವರ್ಷದ ಮಳೆ 300 ಮರಕ್ಕೂ ಒಂದೇ. ಸ್ಪ್ರೆಡ್‌ಶೀಟಿಗೆ ಅದು ಗೊತ್ತಿಲ್ಲ, 1200 ಸಾಲಿಗೂ ಬೇರೆ ಬೇರೆ ಮಳೆ ಬಂದಿದೆ ಅನ್ನೋ ಹಾಗೆ ಬಹಳ ಧೈರ್ಯದ ಉತ್ತರ ಕೊಡುತ್ತೆ. ವಯಸ್ಸಿನ ಪರಿಣಾಮ ಒಂದೆರಡು ಫಸಲಲ್ಲೇ ಕಾಣುತ್ತೆ, ಮಳೆಯದ್ದು ಕಾಣೋಕೆ ಹತ್ತಾರು ವರ್ಷ ಬೇಕು. ಮಳೆ ಪುಸ್ತಕ ಇಟ್ಟಿರೋ ಹಳೇ ತೋಟದೋರು ಈಗಿಂದಾದ್ರೂ ತೂಕನೂ ಬರೆಯೋಕೆ ಶುರು ಮಾಡ್ಬೇಕು ಅಂತ ನಾನು ಹೋದಲ್ಲೆಲ್ಲ ಹೇಳ್ತಿರೋದು ಇದಕ್ಕೇ.

ಹಾಗಂತ ಒಂದೇ ವರ್ಷದಲ್ಲೂ ಒಂದು ಹೋಲಿಕೆ ಸಾಧ್ಯ. ಬಿದ್ದ ಮಳೆ ಒಂದೇ, ಆದ್ರೆ ಜಾಗ ಬೇರೆ. ವಯಸ್ಸಿನ ಗುಂಪು ಮಾಡಿ ಮೇಲಿನ ಬರೆಯ ಮರನೂ ಗದ್ದೆ ಬದಿಯ ಮರನೂ ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಹೊಡೆಯೋ ಹಾಗೆ ಕಂಡಿದ್ದು ಏನಂದ್ರೆ, ಎಳೇ ಗಿಡದಲ್ಲಿ ಎರಡು ಕಡೆಗೂ ಅಷ್ಟೇನೂ ಫರಕಿಲ್ಲ, ಹತ್ತು ಹನ್ನೆರಡು ವರ್ಷ ಆದ್ಮೇಲೆ ಗದ್ದೆ ಬದಿಯ ಮರ ಮೇಲಿನ ಹಳೇ ಮರಕ್ಕಿಂತಲೂ ಕಮ್ಮಿ. ತುದಿ ಒಣಗಿರೋದು, ಎಲೆ ಸಣ್ಣ ಆಗಿ ನರ ಹಸಿರು ಮಧ್ಯ ಹಳದಿ, ಬುಡದಲ್ಲಿ ಅಂಟು ಸೋರೋದು, ಎಲ್ಲ ಅಲ್ಲೇ. ಮೇಲೆ ಬರೆಯಲ್ಲಿ ಅಜ್ಜ ಹಾಕಿದ ಬೀಜದ ಮರ ಇನ್ನೂ ಮರ್ಯಾದೆಯಾಗಿ ಬಿಡ್ತಿದೆ.

ನೀರಿನ ಮಟ್ಟದ ಪೈಪು

ಕೆಳಗಡೆ ನೀರು ನಿಲ್ಲುತ್ತೆ ಅಂತ ಎಲ್ರಿಗೂ ಗೊತ್ತು, ಎಷ್ಟು ಆಳದಲ್ಲಿ ಎಷ್ಟು ದಿನ ಅಂತ ಯಾರಿಗೂ ಗೊತ್ತಿಲ್ಲ. ಕಿತ್ತಳೆಯ ಊಟ ಮಾಡೋ ಬೇರು ಹೆಚ್ಚಿನವು ಮೇಲಿನ ಒಂದೂವರೆ ಅಡಿಯಲ್ಲೇ ಇರೋದು, ನೀರು ಅಷ್ಟರೊಳಗೆ ಬಂದು ನಿಂತ್ರೆ ಬೇರಿಗೆ ಗಾಳಿ ಇಲ್ಲ. ಫೈಟಾಫ್ತೊರಾ ಅನ್ನೋ ಬೇರುಕೊಳೆ ರೋಗದ ಬೀಜಕಣ ನಿಂತ ನೀರಲ್ಲಿ ಈಜಿಕೊಂಡು ಬೇರಿಗೆ ಹೋಗುತ್ತೆ, ಹಾಗಾಗಿ ಉಸಿರು ಕಟ್ಟಿದ ಬೇರಿಗೆ ರೋಗನೂ ಅದೇ ನೀರಲ್ಲಿ ಬಂದು ಸೇರುತ್ತೆ.

ಇದನ್ನ ಅಳೆಯೋಕೆ ಮಾಡಿದ್ದು ಬಹಳ ಸುಲಭದ ಸಾಮಾನು. 2 ಇಂಚಿನ ಪಿವಿಸಿ ಪೈಪು ನಾಲ್ಕು ಅಡಿ, ಕೆಳಗಿನ ಮೂರು ಅಡಿಗೆ ಡ್ರಿಲ್ಲಲ್ಲಿ ತುಂಬ ತೂತು, ಅದರ ಮೇಲೆ ಸೊಳ್ಳೆ ಪರದೆ ಎರಡು ಸುತ್ತು, ತಂತಿ ಕಟ್ಟು. ಕಂಬ ಹೂಳೋಕೆ ತೋಡೋ ಹಾರೆಯಿಂದಲೇ ಗುಂಡಿ ತೋಡಿ ಪೈಪು ಇಳಿಸಿ ಸುತ್ತ ದಪ್ಪ ಮರಳು ತುಂಬಿದ್ವಿ. ಮೇಲಿನ ಅರ್ಧ ಅಡಿಗೆ ಮಾತ್ರ ಜೇಡಿ ಮಣ್ಣು ಹಾಕಿ ಗಟ್ಟಿ ಕುಟ್ಟಬೇಕು, ಇಲ್ಲಾಂದ್ರೆ ಮೇಲೆ ಹರಿಯೋ ಮಳೆ ನೀರು ಪೈಪಿನ ಪಕ್ಕದಿಂದ ಇಳಿದು ಸುಳ್ಳು ಲೆಕ್ಕ ತೋರ್ಸುತ್ತೆ. ಒಳಗೆ ಥರ್ಮಾಕೋಲ್ ಉಂಡೆ, ಅದಕ್ಕೆ ಚುಚ್ಚಿದ ಬಿದಿರು ಕಡ್ಡಿ, ಕಡ್ಡಿ ಮೇಲೆ ಇಂಚಿನ ಗುರುತು, ಮುಚ್ಚಳದ ತೂತಿಂದ ಕಡ್ಡಿ ಹೊರಗೆ. ನೀರು ಏರಿದ್ರೆ ಕಡ್ಡಿ ಏರುತ್ತೆ, ದೂರದಿಂದಲೇ ಕಾಣುತ್ತೆ. ಮೇಲೆ, ಮಧ್ಯೆ, ಗದ್ದೆ ಬದಿ ಅಂತ ಮೂರು ಕಡೆ ಹಾಕಿದ್ವಿ.

ಆರಿದ್ರಾ ಮಳೆ ಹಿಡಿದ್ಮೇಲೆ ಮೇಲಿನ ಕಡ್ಡಿ ಜೋರು ಮಳೆ ದಿನ ಎದ್ದು ಮಾರನೇ ದಿನ ಇಳೀತಿತ್ತು. ಗದ್ದೆ ಬದಿದು ಎದ್ದಿದ್ದು ಇಳೀಲೇ ಇಲ್ಲ, ಮಳೆ ಬಿಟ್ಟು ಬಿಸಿಲು ಬಿದ್ದ ವಾರದಲ್ಲೂ ನೀರು ನೆಲದಿಂದ ಒಂದು ಅಡಿ ಕೆಳಗೇ ನಿಂತಿತ್ತು. ಬರೀ ಇಳಿಜಾರಿನ ನೀರು ಆಗಿದ್ರೆ ಹೀಗೆ ನಿಲ್ಲಬಾರದು ಅಂತ ತೋಟಕ್ಕೂ ಗದ್ದೆಗೂ ಮಧ್ಯದ ಕಾಲುವೆ ಹಿಡ್ಕೊಂಡು ನಡ್ಕೊಂಡು ಹೋದ್ವಿ. ಕಾಲುವೆ ಅಂತ ಇರೋದು ಹೆಸರಿಗೆ ಮಾತ್ರ, ಕೆಸುವಿನ ಗಿಡ, ಹುಲ್ಲು, ಹೂಳು ಸೇರಿ ತೋಟದ ನೆಲದ ಮಟ್ಟಕ್ಕೇ ಬಂದುಬಿಟ್ಟಿದೆ. ಅಪ್ಪ ಅಲ್ಲೇ ನಿಂತು, "ನಾಟಿ ಇದ್ದಾಗ ಪ್ರತಿ ವರ್ಷ ಇದನ್ನ ತೆಗೀತಿದ್ವಲ್ಲ ಮಗ, ಗದ್ದೆ ಬಿಟ್ಮೇಲೆ ಈ ಕಡೆ ಯಾರು ಬಂದ್ರು" ಅಂದ್ರು. ಕೂಲಿ ಸಿಗದೆ, ಆನೆ ಕಾಟಕ್ಕೆ ಕೊಡಗಲ್ಲಿ ಎಷ್ಟೋ ಗದ್ದೆ ಪಾಳು ಬಿದ್ದಿರೋದು ಎಲ್ರಿಗೂ ಗೊತ್ತಿರೋದೇ. ಗದ್ದೆ ನಿಂತ ಕಾಲ, ಕೆಳಗಿನ ಕಿತ್ತಳೆ ಸೊರಗೋಕೆ ಶುರುವಾದ ಕಾಲ, ಚೆಕ್‌ರೋಲಲ್ಲಿ ಕಾಲುವೆ ಕೆಲಸದ ಕೂಲಿ ಬರೆಯೋದು ನಿಂತ ಕಾಲ, ಮೂರೂ ಒಂದೇ. ಅಪ್ಪ ವಯಸ್ಸು ಅಂತಿದ್ದಿದ್ದು, ದೊಡ್ಡಪ್ಪ ಮಳೆ ಅಂತಿದ್ದಿದ್ದು ಎರಡೂ ಈ ಜಾಗದಲ್ಲಿ ಒಂದೇ ಕಾಯಿಲೆ. ಅದೇ ಮಳೆ, ಅದೇ ವಯಸ್ಸು, ನೀರು ಬಸಿದು ಹೋಗೋ ಕಡೆ ಮರ ಇನ್ನೂ ಫಸಲಿನ ಮರ, ನಿಲ್ಲೋ ಕಡೆ ಮುದಿ ಮರ.

ರಿಪೇರಿ

ಕಾಲುವೆ ಎರಡೂವರೆ ಅಡಿ ಆಳ ತೆಗೆಸಿದ್ವಿ, ಮೇಲಿಂದ ಬರೋ ನೀರಿಗೆ ಗದ್ದೆ ಬದಿಯ ಬ್ಲಾಕಿನ ತಲೆಯಲ್ಲಿ ಅಡ್ಡಕ್ಕೆ ಒಂದು ಬಸಿಗಾಲುವೆ. ತೊಟ್ಟಿಲು ಗುಂಡಿ (ಕಾಫಿ ಗಿಡಗಳ ಮಧ್ಯ ನೀರು ಹಿಡಿಯೋಕೆ ತೋಡೋ ಉದ್ದ ಗುಂಡಿ) ಮೇಲಿನ ಬರೆಯಲ್ಲಿ ಒಳ್ಳೇದು, ನೀರು ಇಂಗಿಸುತ್ತೆ, ಆದ್ರೆ ಕೆಳಗಿನ ಬ್ಲಾಕಲ್ಲಿ ಕಿತ್ತಳೆ ಬುಡಕ್ಕೆ ಹತ್ತಿರ ಇದ್ದ ಗುಂಡಿಗಳನ್ನ ಮುಚ್ಚಿಸಿದೆ.

ಬುಡದಲ್ಲಿ ಏರಿದ್ದ ಮಣ್ಣು ತೆಗೆದು ಕಸಿ ಗಂಟು ಕಾಣೋ ಹಾಗೆ ಮಾಡಿ, ಅಂಟು ಸೋರೋ ಕಡೆ ಕೊಳೆತ ತೊಗಟೆ ಕೆರೆದು ಬೋರ್ಡೋ ಪೇಸ್ಟ್. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಟ್ಟ ಸುಣ್ಣ, 10 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ ಆಮೇಲೆ ಸೇರಿಸೋದು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಸರಿಯಾಗಿದ್ಯಾ ಅಂತ ನೋಡೋಕೆ ಉಜ್ಜಿ ಹೊಳಪು ಬಂದಿರೋ ಕತ್ತಿಯ ತುದಿಯನ್ನ ಅದ್ದಿ ಒಂದು ನಿಮಿಷ ಬಿಟ್ಟು ತೆಗೀರಿ, ಕತ್ತಿ ಮೇಲೆ ಕೆಂಪು ತಾಮ್ರದ ಬಣ್ಣ ಹತ್ತಿದ್ರೆ ಸುಣ್ಣ ಸಾಲಿಲ್ಲ ಅಂತ, ಬಣ್ಣ ಹತ್ತದೇ ಇರೋವರೆಗೂ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸ್ಬೇಕು, ಇಲ್ಲಾಂದ್ರೆ ತೊಗಟೆನೇ ಸುಟ್ಟುಹೋಗುತ್ತೆ. ಮಳೆಗೆ ಮುಂಚೆ ಮೇನಲ್ಲಿ ಒಂದು ಸಲ, ಮಳೆ ಕಮ್ಮಿ ಆದ್ಮೇಲೆ ಸೆಪ್ಟೆಂಬರಲ್ಲಿ ಇನ್ನೊಂದು ಸಲ, ಬುಡದಿಂದ ಎರಡು ಮೂರು ಅಡಿವರೆಗೆ. ಒಣಕೊಂಬೆ ಎಲ್ಲ ಹಸಿರು ಸಿಗೋವರೆಗೆ ತೆಗೆದು ಗಾಯಕ್ಕೂ ಅದೇ ಪೇಸ್ಟ್. ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋ ಕೆಲಸ, ಮಾಡೋವಾಗ ಕಿತ್ತಳೆ ಮೇಲೆ ಬಿಸಿಲು ಬೀಳೋ ಹಾಗೆ ನೋಡ್ಕೊಂಡ್ವಿ. ಎಲೆ ಹಳದಿಗೆ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್ಆರ್‌ನವರ ಅರ್ಕಾ ಸಿಟ್ರಸ್ ಸ್ಪೆಷಲ್ ಸಿಂಪಡಿಸ್ತಿದ್ದೀವಿ, ಸತು, ಬೋರಾನ್ ಥರದ ಸೂಕ್ಷ್ಮ ಪೋಷಕಾಂಶ ಅದರಲ್ಲಿ ಸೇರಿದೆ.

ಎಲ್ಲ ಹಳದಿನೂ ನೀರಿನಿಂದ ಅಲ್ಲ. ಎಲೆಯ ಅರ್ಧ ಒಂದು ಥರ ಇನ್ನರ್ಧ ಇನ್ನೊಂದು ಥರ ಮಚ್ಚೆಮಚ್ಚೆ ಇದ್ದು, ಹಣ್ಣು ಸೊಟ್ಟ ಆಗಿ ಹಣ್ಣಾದ್ರೂ ಒಂದು ಕಡೆ ಹಸಿರೇ ಉಳಿದ್ರೆ ಅದು ಗ್ರೀನಿಂಗ್ ರೋಗ ಇರಬಹುದು, ಚಿಗುರಲ್ಲಿ ಕೂರೋ ಸಿಲ್ಲಿಡ್ ಹುಳ ಹರಡೋದು. ಅದಕ್ಕೆ ಕಾಲುವೆಯಿಂದ ಏನೂ ಆಗಲ್ಲ, ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ತೋರಿಸಿ ಖಾತ್ರಿ ಆದ ಮರಗಳನ್ನ ತೆಗೆಸಿದ್ವಿ, ವಯಸ್ಸು ಎಷ್ಟಿದ್ರೂ. ಅಪ್ಪನಿಗೆ ಕಷ್ಟ ಆಯ್ತು, ಒಂದು ಮರ ಅವರೇ ನೆಟ್ಟಿದ್ದು.

ಕಾಲುವೆ ತೆಗೆದ್ಮೇಲಿನ ಮಳೆಗಾಲದಲ್ಲಿ ಗದ್ದೆ ಬದಿಯ ಕಡ್ಡಿ ಮಳೆ ಬಿಟ್ಟ ಎರಡು ಮೂರು ದಿನಕ್ಕೆ ಎರಡು ಅಡಿಗಿಂತ ಕೆಳಗೆ ಇಳೀತಿದೆ. ಇಳುವರಿ ಬಗ್ಗೆ ಈಗಲೇ ಮಾತಾಡಲ್ಲ, ಕೊಳೆತ ಬೇರು ಮತ್ತೆ ಬಂದು ಆಮೇಲೆ ಹೂ ಬರಬೇಕು. ಸುತ್ತಳತೆ ನಿಂತುಹೋಗಿದ್ದ ಕೆಲವು ಮರ ಮತ್ತೆ ಬೆಳೀತಿರೋದು ಪೇಂಟ್ ಗುರುತಲ್ಲಿ ಗೊತ್ತಾಗ್ತಿದೆ. ಮರ ತೆಗೆದ ಜಾಗಕ್ಕೆ ರಂಗಪುರ ನಿಂಬೆ ಬೇರಿನ ಮೇಲೆ ಕಸಿ ಮಾಡಿದ ಗಿಡ ತಂದಿದ್ದೀವಿ, ಈ ಸಲ ಗುಂಡಿಯಲ್ಲಿ ತಗ್ಗಿಸಿ ನೆಡದೆ ಒಂದು ಅಡಿ ಎತ್ತರದ ದಿಬ್ಬದ ಮೇಲೆ, ಕಸಿ ಗಂಟು ನೆಲದಿಂದ ಅರ್ಧ ಅಡಿಗೂ ಮೇಲೆ ಇರೋ ಹಾಗೆ. ನೆಟ್ಟ ದಿನವೇ ನಂಬರ್ ತಗಡು, ವಯಸ್ಸಿನ ಕಾಲಂನಲ್ಲಿ ಸೊನ್ನೆ. ಪಕ್ಕದ ತೋಟದವರೂ ಕಾಲುವೆಯ ಅವರ ಭಾಗ ತೆಗೆಸ್ತೀವಿ ಅಂದಿದ್ದಾರೆ, ಅಲ್ಲಿ ಹೂಳು ಹಾಗೇ ಇದ್ರೆ ನಮ್ಮ ನೀರು ಮುಂದೆ ಹೋಗೋಕೆ ದಾರಿ ಇಲ್ಲ, ಅದಕ್ಕೆ ಮೇ ಮುಗಿಯೋದ್ರೊಳಗೆ ಇಬ್ಬರೂ ಸೇರಿ ತೋಡಿನವರೆಗೆ (ಹಳ್ಳದವರೆಗೆ) ತೆಗೆಸೋದು ಅಂತ ಮಾತಾಗಿದೆ.